ಹಾಡು ನಿಂತ ಒಂದು ಗಂಟೆ

ಸದ್ದು ಆಗದವರು ಜಾವಾದ ಈ ಕೆದಿರಿ ಊರಿಗೆ ಬಾಡಿಗೆಗೆ ಬರಲೇಬಾರದು. ನಮ್ಮ ಓಣಿಯಲ್ಲಿ ಬೆಳಕು ಹರಿಯುವ ಮೊದಲೇ ಮಸೀದಿಯ ಮೈಕು, ಅದರ ಬೆನ್ನಿಗೇ ಹುಂಜಗಳು, ಹುಂಜ ಸುಮ್ಮನಾಯಿತು ಅನ್ನುವಷ್ಟರಲ್ಲಿ ತೋಫು ಮಾರುವವನ ಕೂಗು. ಮಧ್ಯಾಹ್ನ ಮಾಂಸದುಂಡೆ ಸಾರಿನ ಗಾಡಿಯವನು ಬಟ್ಟಲಿಗೆ ಚಮಚ ಬಡಿಯುತ್ತ ಬರುತ್ತಾನೆ. ಕೊಳ್ಳುವವರೆಗೂ ಬಡಿಯುತ್ತಾನೆ, ಕೊಂಡ ಮೇಲೂ ಬಡಿಯುತ್ತಾನೆ. ಗಂಡ ಹೋದಾಗಿನಿಂದ ನಾನು ಕಾಲೇಜು ಹುಡುಗಿಯರಿಗೆ ಕೋಣೆ ಬಾಡಿಗೆಗೆ ಕೊಡುತ್ತಿದ್ದೇನೆ, ಬಂದ ದಿನವೇ ಇದನ್ನೆಲ್ಲ ಬಾಯಿಬಿಟ್ಟು ಹೇಳಿರುತ್ತೇನೆ. ಆಮೇಲೆ ಮುಖ ಊದಿಸಿಕೊಂಡು ಎದುರಿಗೆ ನಿಂತರೆ ನನಗೆ ಮೈ ಉರಿಯುತ್ತದೆ.

ತ್ಯಾಸ್‌ಗೂ ಹೇಳಿದ್ದೆ. ತ್ರೆಂಗಾಲೆಕ್ ಕಡೆಯ ಗುಡ್ಡದೂರಿನ ಹುಡುಗಿ, ಕಾಲೇಜಿನಲ್ಲಿ ಎರಡನೇ ವರ್ಷ. ಮುಖ ಊದಿಸಿಕೊಳ್ಳುವ ಪೈಕಿಯಲ್ಲ ಅವಳು. ಅದೇ ತೊಂದರೆ. ಕೂಗಾಡಿದ್ದರೆ ನಾನೂ ನಾಲ್ಕು ಅಂದು ಮರೆತುಬಿಡುತ್ತಿದ್ದೆ.

ಓದಿನ ಜೊತೆಗೆ ಅವಳೊಂದು ಕೆಲಸ ಹಿಡಿದಿದ್ದಳು. ಕಂಪ್ಯೂಟರಿನ ಮುಂದೆ ಕೂತು ಹೊರದೇಶದವರಿಗೆ ನಮ್ಮ ಭಾಷೆ ಕಲಿಸುವುದು. ಮೊದಲ ಸಲ ಕೇಳಿದಾಗ ನನಗೆ ನಗು ತಡೆಯಲಾಗಲಿಲ್ಲ.

"ನಮ್ ಮಾತು ಕಲಿಯೋಕೆ ದುಡ್ಡು ಕೊಡ್ತಾರೇನೇ? ಇಲ್ಲಿಗೇ ಬಂದು ನನ್ ಜಗಲಿ ಮೇಲೆ ಕೂತ್ರೆ ನಾನು ಬಿಟ್ಟಿ ಕಲಿಸ್ತೀನಿ."

"ನೀವು ಕಲಿಸಿದ್ರೆ ಬರೀ ಬೈಗುಳ ಕಲಿತ್ಕೊಂಡು ಹೋಗ್ತಾರೆ ಬು," ಅಂದಳು. ನಮ್ಮಲ್ಲಿ ಹಿರಿಯ ಹೆಂಗಸರನ್ನು ಬು, ಗಂಡಸರನ್ನು ಪಾ ಅನ್ನುತ್ತೇವೆ.

ಬಾಯಿ ಇತ್ತು ಹುಡುಗಿಗೆ. ಹೊಟ್ಟೆಗೆ ಮಾತ್ರ ಸರಿಯಾಗಿ ಬೀಳುತ್ತಿರಲಿಲ್ಲ. ಒಂದು ತೋಫು ಕೊಂಡರೆ ಬೆಳಿಗ್ಗೆಗೆ ಅರ್ಧ, ರಾತ್ರಿಗೆ ಅರ್ಧ. ನಡುವೆ ಅವಳಮ್ಮ ಕಳಿಸಿದ ಡಬ್ಬಿಯ ಸೋಯಾ ಹಪ್ಪಳ. ನನ್ನ ಮನೆಯ ಇಂಟರ್ನೆಟ್ಟಿನಲ್ಲಿ ಆರು ಹುಡುಗಿಯರು ಪಾಲುದಾರರು, ಒಬ್ಬಳು ಧಾರಾವಾಹಿ ಹಚ್ಚಿದರೆ ಉಳಿದವರದು ನಿಂತಲ್ಲೇ ನಿಲ್ಲುತ್ತಿತ್ತು. ಹಾಗಾಗಿ ತ್ಯಾಸ್ ಮೂಲೆಯ ಕಾಫಿ ಅಂಗಡಿಗೆ ಹೋಗಿ ಒಂದು ಲೋಟ ಕಾಫಿ ತಗೊಂಡು ಇಡೀ ಮಧ್ಯಾಹ್ನ ಕೂರುತ್ತಿದ್ದಳು. ತಳದ ಗಸಿ ಒಣಗಿ ಲೋಟಕ್ಕೆ ಅಂಟಿದರೂ ಏಳುತ್ತಿರಲಿಲ್ಲ. ಅವಳ ಲ್ಯಾಪ್‌ಟಾಪು ಯಾರೋ ಬಳಸಿ ಬಿಟ್ಟದ್ದು, ಬ್ಯಾಟರಿ ಸತ್ತಿತ್ತು, ಗೋಡೆಗೆ ಸಿಕ್ಕಿಸಿಯೇ ಇರಬೇಕು.

ಈ ಕೆಲಸದಲ್ಲಿ ಒಂದು ಕರಾರಿತ್ತು. ಹೊಸದಾಗಿ ಸೇರಿದವರು ಮೂವರಿಗೆ ಒಂದೊಂದು ಗಂಟೆ ಪಾಠ ಮಾಡಿ ತೋರಿಸಬೇಕು. ಮೂವರಲ್ಲಿ ಒಬ್ಬರಾದರೂ 'ನನಗೆ ಇವಳೇ ಬೇಕು' ಅಂದರೆ ಕೆಲಸ ಉಳಿಯಿತು. ಇಲ್ಲವಾದರೆ ಹೆಸರು ತೆಗೆದುಹಾಕುತ್ತಾರೆ. ಮೊದಲನೆಯವನು ಜರ್ಮನಿಯವನು. ಅವನ ಪಾಠವನ್ನು ಮಾಂಸದುಂಡೆಯವನು ನುಂಗಿದ. ಎರಡನೆಯದನ್ನು ಕಾಫಿ ಅಂಗಡಿಯಲ್ಲಿ ಮಾಡಿದಳು, ಅಲ್ಲಿ ಪಾರಿವಾಳ ಹಾರಿಸುವ ಗಂಡಸರು ಯಾರ ಹಕ್ಕಿ ಮೊದಲು ಇಳಿಯಿತು ಅಂತ ಮೇಜು ಗುದ್ದಿ ಜಗಳವಾಡಿದರು. ಇಬ್ಬರೂ ಮತ್ತೆ ಬರಲಿಲ್ಲ.

ಉಳಿದದ್ದು ಒಬ್ಬಳೇ. ಶಾಂತಸಾಗರದಲ್ಲಿ ಫ್ರೆಂಚರ ಕೈಕೆಳಗಿನ ಯಾವುದೋ ದ್ವೀಪದವಳು, ಸೊಲಾಂಜ್ ವಾಗಿಮಾನ್ ಅಂತ. ಅರವತ್ತು ದಾಟಿದ ಹೆಂಗಸು. ಡಚ್ಚರ ಕಾಲದಲ್ಲಿ ನಮ್ಮ ಕಡೆಯವರನ್ನು ಕಾಫಿ ತೋಟದ ಕೂಲಿಗೆ ಹಡಗು ಹತ್ತಿಸಿ ಕೊಂಡುಹೋಗಿದ್ದರಲ್ಲ, ಆ ಪೈಕಿಯವರ ಮೊಮ್ಮಗಳು. ಅವಳಿಗೆ ಶಾಲೆಯ ಇಂಡೊನೇಷಿಯನ್ ಬೇಡವಂತೆ, ಮನೆಯಲ್ಲಿ ಆಡುವ ಜಾವಾ ಮಾತೇ ಬೇಕಂತೆ.

ಈ ಕೆಲಸವೂ ಹೋದರೆ ಏನು ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಫೀಸು ಕಟ್ಟುತ್ತಿದ್ದ ಅವಳ ಅಣ್ಣನಿಗೆ ಮಗುವಾಗಿತ್ತು, ಇನ್ನು ಓದಿಸಲಾರೆ ಅಂದಿದ್ದ. ಹಾಂಗ್‌ಕಾಂಗಿನಲ್ಲಿ ಮುದುಕರನ್ನು ನೋಡಿಕೊಳ್ಳುವ ಚಿಕ್ಕಮ್ಮ, ತನ್ನಂತೆಯೇ ಒಂದು ಮನೆಕೆಲಸ ನೋಡಿಟ್ಟಿದ್ದಳು. ಪಾಠ ಕೈಹತ್ತಿದರೆ ಕಾಲೇಜು, ಹತ್ತದಿದ್ದರೆ ಪಾಸ್‌ಪೋರ್ಟು. ತ್ಯಾಸ್ ತಾನೇ ಒಪ್ಪಿ ಮಾತು ಕೊಟ್ಟಿದ್ದಳು.

ಆ ಮೂರನೆಯ ಪಾಠ ಶನಿವಾರ ಬೆಳಿಗ್ಗೆ ಹತ್ತಕ್ಕೆ. ಎದುರುಮನೆಯ ಪಾ ಜುಮಾಂಗಿನ್ ಮಗಳ ಮದುವೆಯೂ ಅದೇ ಶನಿವಾರ.

ಶುಕ್ರವಾರ ಲಾರಿಯಲ್ಲಿ ಧ್ವನಿಪೆಟ್ಟಿಗೆಗಳು ಬಂದವು. ಒಂದರ ಮೇಲೊಂದು ಪೇರಿಸಿ ಮನೆಯ ಸೂರಿನೆತ್ತರಕ್ಕೆ ನಿಲ್ಲಿಸಿದರು. ಹಾಡು ಹಚ್ಚಿದ್ದೇ ತಡ, ನನ್ನ ಕಪಾಟಿನ ಗಾಜಿನ ಲೋಟಗಳು ತಾವೇ ನಡೆದು ಅಂಚಿಗೆ ಬಂದವು. ನನ್ನ ಅತ್ತೆಗೆ ತೊಂಬತ್ತರ ಹತ್ತಿರ, ಕಿವಿ ಮಂದ. ಆಕೆಯೊಬ್ಬಳು ಮಾತ್ರ ಒಳಕೋಣೆಯಲ್ಲಿ ಹಾಯಾಗಿ ಗೊರಕೆ ಹೊಡೆಯುತ್ತಿದ್ದಳು.

ತ್ಯಾಸ್ ಕೋಣೆಗೆ ಹೋಗಿ ನೋಡಿದರೆ ಹುಡುಗಿ ಬಟ್ಟೆ ಮಡಚುತ್ತಿದ್ದಾಳೆ.

"ಬೇರೆ ಕಡೆ ಹೋಗಿ ಪಾಠ ಮಾಡೇ."

"ಎಲ್ಲಿಗೆ ಬು? ಕಾಫಿ ಅಂಗಡಿಯವ್ರು ಮದುವೆ ಮನೇಲಿ ಒಲೆ ಮುಂದೆ ಇದಾರೆ, ಅಂಗಡಿ ಬಾಗಿಲು ಹಾಕಿದೆ. ಕಾಲೇಜಿಗೆ ಶನಿವಾರ ಬೀಗ."

"ಆ ಹೆಂಗಸಿಗೇ ಹೇಳು, ಭಾನುವಾರ ಬಾ ಅಂತ."

"ಪರೀಕ್ಷೆ ಇದೆ ಅಂತ ಒಂದ್ಸಲ ಮುಂದಕ್ಕೆ ಹಾಕಿದ್ದೆ. ಇನ್ನೊಂದ್ಸಲ ಹಾಕೋ ಹಾಗಿಲ್ಲ." ಒಂದು ಲಂಗವನ್ನು ಬಿಚ್ಚಿ ಮತ್ತೆ ಮಡಚಿದಳು. "ಬಿಡಿ ಬು. ಹಾಂಗ್‌ಕಾಂಗಲ್ಲಿ ಚಳಿಗಾಲ ಚೆನ್ನಾಗಿರುತ್ತಂತೆ. ಚಿಕ್ಕಮ್ಮ ಹೇಳಿದ್ರು."

ಅತ್ತಿದ್ದರೆ ಸಹಿಸಬಹುದಿತ್ತು, ಇದನ್ನು ಹೇಗೆ ಸಹಿಸುವುದು?

ಸೀದಾ ಮದುವೆ ಮನೆಗೆ ಹೋದೆ. ಬುಧವಾರದಿಂದ ಓಣಿಯ ಹೆಂಗಸರೆಲ್ಲ ಅಲ್ಲೇ ಕೂತು ಈರುಳ್ಳಿ ಸುಲಿಯುತ್ತಿದ್ದೆವು, ಹಾಗಾಗಿ ನಾನು ಹೋದದ್ದಕ್ಕೆ ಯಾರೂ ತಲೆಯೆತ್ತಲಿಲ್ಲ. ಪಾ ಜುಮಾಂಗಿನ್ ಚಪ್ಪರದ ಕಂಬಕ್ಕೆ ಬಾಳೆಗೊನೆ ಕಟ್ಟುತ್ತಿದ್ದ. ವಿಷಯ ಹೇಳಿದೆ. ಒಂದೇ ಒಂದು ಗಂಟೆ ಹಾಡು ನಿಲ್ಲಿಸು ಅಂದೆ. ಗೊನೆ ಕೈಯಿಂದ ಜಾರುವುದೊಂದು ಬಾಕಿ.

"ಮದುವೆ ಮನೇಲಿ ಹಾಡು ನಿಲ್ಸೋದಾ? ತಲೆ ನೆಟ್ಟಗಿದ್ಯಾ ಬು ನಿಮಗೆ? ಓಣೀಲಿ ಯಾರಾದ್ರೂ ತೀರಿಕೊಂಡಾಗ ಮಾತ್ರ ಹಾಡು ನಿಲ್ಲೋದು!"

"ಆ ಹುಡುಗಿ ಓದು ತೀರಿಕೊಳ್ತಿದೆಯಲ್ಲ, ಸಾಲದಾ?"

"ಶುಭ ಕಾರ್ಯದಲ್ಲಿ ಎಂಥಾ ಮಾತಾಡ್ತೀರಿ!"

"ನೀನು ತಾನೇ ಶುರು ಮಾಡಿದ್ದು!"

ನಾವಿಬ್ಬರೂ ಹೀಗೆ ಕಚ್ಚಾಡುತ್ತಿರುವಾಗ ಒಳಗಿಂದ ಮದುಮಗಳೇ ಬಂದಳು, ಮುಖದ ತುಂಬ ಹಳದಿ ಲೇಪ ಬಳಿದುಕೊಂಡು. "ಅಪ್ಪಾ, ನಿಲ್ಸು. ತ್ಯಾಸ್ ಮೂರು ದಿನದಿಂದ ನಮ್ಮನೆ ಪಾತ್ರೆ ತೊಳೀತಿದಾಳೆ. ಅಲ್ದೆ ನಂಗೂ ತಲೆ ಸಿಡೀತಿದೆ."

ಮಗಳ ಮಾತಿಗೆ ಅಪ್ಪ ಮೆತ್ತಗಾದ. "ಹತ್ತರಿಂದ ಹನ್ನೊಂದು. ಅದಕ್ಕಿಂತ ಒಂದು ನಿಮಿಷ ಜಾಸ್ತಿ ಇಲ್ಲ. ಹಾಡು ಹಾಕೋರಿಗೆ ಆಗ ತಿಂಡಿ ಕೊಡ್ತೀನಿ."

ಆ ಗಳಿಗೆಯಲ್ಲಿ ಅವನಿಗಾಗಲಿ ನನಗಾಗಲಿ ಹೊಳೆಯಬೇಕಿತ್ತು. ಮಾತು ಅವನ ಬಾಯಿಂದಲೇ ಬಂದಿತ್ತು. ಆದರೆ ಮೂರು ದಿನ ಈರುಳ್ಳಿ ಸುಲಿದವಳಿಗೆ ಬುದ್ಧಿ ಎಲ್ಲಿಂದ ಓಡಬೇಕು? ಗೆದ್ದೆ ಅಂತ ಬೀಗುತ್ತ ಮನೆಗೆ ಬಂದೆ.

ಶನಿವಾರ ತ್ಯಾಸ್ ನಡುಮನೆಯಲ್ಲಿ ಕೂತಳು. ಇಂಟರ್ನೆಟ್ಟಿನ ಡಬ್ಬಿಯೂ ಪ್ಲಗ್ಗೂ ಇರುವುದು ಅಲ್ಲೇ. ಗೋಡೆಯ ಕಡೆ ಮುಖ, ಜಗಲಿಯ ಕಡೆಗೆ ಬೆನ್ನು. ಸೆಕೆಗೆ ಬಾಗಿಲು ತೆರೆದೇ ಇತ್ತು. ಬೇರೆ ಹುಡುಗಿಯರ ಫೋನುಗಳನ್ನೆಲ್ಲ ಕಿತ್ತುಕೊಂಡು ಅಕ್ಕಿ ಡಬ್ಬದಲ್ಲಿ ಹಾಕಿ, ನಾನು ಜಗಲಿಯ ಮೇಲೆ ಕಾವಲು ಕೂತೆ. ಮಾಂಸದುಂಡೆಯವನು ಬಂದರೆ ಅವನ ಚಮಚ ಕಸಿಯುವುದು ಅಂತಲೇ ತೀರ್ಮಾನಿಸಿದ್ದೆ.

ಹತ್ತಕ್ಕೆ ಸರಿಯಾಗಿ ಹಾಡು ನಿಂತಿತು. ಅರ್ಧ ಸಾಲಿನಲ್ಲಿ, ತಟ್ಟನೆ. ಅಷ್ಟು ದೊಡ್ಡ ಸದ್ದು ನಿಂತಾಗ ಕಿವಿಯೇ ಹೋಯಿತೇನೋ ಅನ್ನಿಸುತ್ತದೆ. ಆಮೇಲೆ ಮದುವೆ ಮನೆಯ ಬಾಣಲೆಯಲ್ಲಿ ಎಣ್ಣೆ ಚಿಟಗುಟ್ಟುವುದು ಕೇಳಿತು. ಒಳಗೆ ತ್ಯಾಸ್ ತಗ್ಗಿದ ದನಿಯಲ್ಲಿ ಏನೋ ಹೇಳಿಕೊಡುತ್ತಿದ್ದಳು. ನನಗೆ ಹೇಳಲಾರದಷ್ಟು ಸಂತೋಷವಾಯಿತು.

ಸ್ವಲ್ಪ ಹೊತ್ತಿಗೆ ಮೂಲೆಮನೆಯ ತರ್ಮಿನಿ ಓಡುತ್ತ ಬಂದಳು. ಅವಳು ಬಾಯಿ ತೆರೆದರೆ ಪಕ್ಕದ ಓಣಿಗೂ ಕೇಳುತ್ತದೆ. ತೆರೆಯುವ ಮೊದಲೇ ನಾನು ತುಟಿಯ ಮೇಲೆ ಬೆರಳಿಟ್ಟು, ಗಲ್ಲದಿಂದ ಮನೆಯೊಳಗೆ ತೋರಿಸಿದೆ. ಅವಳು ಒಳಗೆ ಇಣುಕಿದಳು. ತ್ಯಾಸ್ ತಲೆ ತಗ್ಗಿಸಿ ಕರವಸ್ತ್ರದಿಂದ ಬೆವರು ಒರೆಸಿಕೊಳ್ಳುತ್ತಿದ್ದಳು. ತರ್ಮಿನಿಯ ಕಣ್ಣು ತುಂಬಿ ಬಂತು. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿ, ಸದ್ದಿಲ್ಲದೆ ಹೊರಟುಹೋದಳು. ಎಷ್ಟು ತಿಳಿವಳಿಕೆ ಬಂದಿದೆ ಇವಳಿಗೆ, ಅಂದುಕೊಂಡೆ.

ಆಮೇಲೆ ಹೆಂಗಸರು ಬರತೊಡಗಿದರು, ಅವರ ಮುಂದೆ ಮತ್ತೆ ತರ್ಮಿನಿಯೇ. ತಲೆಯ ಮೇಲೆ ವಸ್ತ್ರ, ಸೊಂಟದಲ್ಲಿ ಬಟ್ಟೆ ಮುಚ್ಚಿದ ಬೋಗುಣಿ. ಬಂದವರು ನನ್ನ ಬೆನ್ನು ಸವರಿ ಚಾಪೆಯ ಮೇಲೆ ಕೂತರು. ಮದುವೆಗೆ ಉಡುಗೊರೆ ಅಕ್ಕಿ ಒಯ್ಯುವವರು ದಣಿದು ಕೂತರು ಅಂತ ನನ್ನ ಲೆಕ್ಕ. ಅಷ್ಟರಲ್ಲಿ ಗಂಡಸರು ಮದುವೆ ಚಪ್ಪರದಿಂದಲೇ ಕುರ್ಚಿಗಳನ್ನು ಎತ್ತಿಕೊಂಡು ಬಂದು ನನ್ನ ಅಂಗಳದಲ್ಲಿ ಸಾಲಾಗಿ ಹಾಕಿದರು. ಯಾರೋ ಹಿತ್ತಲಿಗೆ ಹೋಗಿ ಹಂಡೆಗೆ ನೀರು ತುಂಬತೊಡಗಿದರು. ಕೊನೆಗೆ ಸಾವಿನ ಕಾರ್ಯ ಮಾಡಿಸುವ ಪಾ ಮೋದಿನ್ ಬಂದ, ಕಂಕುಳಲ್ಲಿ ಬಿಳಿ ಬಟ್ಟೆಯ ಸುರುಳಿ ಇಟ್ಟುಕೊಂಡು. ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದ:

"ಹಿರಿಯಮ್ಮನ್ನ ಯಾವ ಕೋಣೇಲಿ ಮಲಗಿಸಿದೀರ?"

ಆಗ ನನಗೆ ಜ್ಞಾನೋದಯವಾಯಿತು. ಹಾಡು ನಿಂತಿದೆ. ಓಣಿಯಲ್ಲಿ ಎಲ್ಲರಿಗಿಂತ ವಯಸ್ಸಾದವಳು ನನ್ನ ಅತ್ತೆ. ಬಾಗಿಲಲ್ಲಿ ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೇನೆ. ಇನ್ನೇನು ಬೇಕು ಇವರಿಗೆ! ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ.

ಕೂಗಿ ಹೇಳೋಣವೆಂದರೆ ಒಳಗೆ ಹುಡುಗಿಯ ಪಾಠ ಕೆಡುತ್ತದೆ. ಸುಮ್ಮನಿದ್ದರೆ ಇವರು ಅತ್ತೆಗೆ ಸ್ನಾನ ಮಾಡಿಸಲು ಹೊರಡುತ್ತಾರೆ. ಅತ್ತ ದರಿ, ಇತ್ತ ಪುಲಿ. ತರ್ಮಿನಿಯ ತೋಳು ಜಗ್ಗಿ ಪಿಸುಗುಟ್ಟಿದೆ: "ಯಾರೂ ಸತ್ತಿಲ್ಲ ಕಣೇ, ಅತ್ತೆ ಮಲಗಿದಾರೆ ಅಷ್ಟೇ."

ಅವಳು ನನ್ನನ್ನು ತಬ್ಬಿಕೊಂಡುಬಿಟ್ಟಳು. "ಮೊದ್ಲು ಹಾಗೇ ಅನ್ಸುತ್ತೆ ಅಕ್ಕಾ. ನಮ್ಮತ್ತೆ ಹೋದಾಗ ನಂಗೂ ಮಲಗಿದಾರೆ ಅಂತಲೇ ಅನ್ಸಿತ್ತು."

"ಅಯ್ಯೋ ಮುಂಡೇದೇ, ಗೊರಕೆ ಹೊಡೀತಿದಾರೆ!"

"ಹೂಂ, ಹೂಂ. ಕಣ್ಣೀರು ಹಾಕಿಬಿಡಿ ಅಕ್ಕಾ, ಒಳಗಿಟ್ಕೋಬೇಡಿ."

ಇಷ್ಟು ದಿನದ ಗದ್ದಲಕ್ಕೆ ಏಳದ ಮುದುಕಿ ಆ ದಿನದ ಮೌನಕ್ಕೆ ಎದ್ದಳು ಅಂತ ಕಾಣುತ್ತದೆ. ಒಳಕೋಣೆಯ ಬಾಗಿಲು ಕಿರ್ ಅಂದಿತು. ಅತ್ತೆ ಗೋಡೆ ಹಿಡಿದುಕೊಂಡು ನಡುಮನೆಗೆ ಬಂದಳು, ತ್ಯಾಸ್‌ಳ ಹಿಂದೆ ನಿಂತು ಜಗಲಿಯ ತುಂಬ ಕೂತ ಜನರನ್ನೂ ಬೋಗುಣಿಗಳನ್ನೂ ನೋಡಿದಳು. ಆಮೇಲೆ ಕಿವುಡರ ದೊಡ್ಡ ಗಂಟಲಿನಲ್ಲಿ ಕೇಳಿದಳು:

"ಯಾರೇ ಸತ್ತಿದ್ದು?"

ಹೆಂಗಸರು ಕಿಟಾರನೆ ಕಿರುಚಿದರು. ಪಾ ಮೋದಿನ್‌ನ ಸುರುಳಿ ಕೈಜಾರಿ ಮೆಟ್ಟಿಲ ಮೇಲೆ ಉದ್ದಕ್ಕೆ ಬಿಚ್ಚಿಕೊಂಡಿತು. ತ್ಯಾಸ್ ಬೆಚ್ಚಿ ತಿರುಗಿದಳು, ತಿರುಗಿದ ರಭಸಕ್ಕೆ ಕಿವಿಗೆ ಹಾಕಿದ್ದರ ತಂತಿ ಕಂಪ್ಯೂಟರಿನಿಂದ ಕಿತ್ತುಬಂತು. ಜನರನ್ನು ನೋಡಿ ಅವಳ ಮುಖ ಬಿಳಿಚಿಕೊಂಡಿತು. ಮುಗಿಯಿತು, ಅಂದುಕೊಂಡೆ. ಹಾಡನ್ನೇ ನಿಲ್ಲಿಸಿದೆ, ಜನರನ್ನು ನಿಲ್ಲಿಸಲಾಗಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಕಂಪ್ಯೂಟರಿನಿಂದ ಒಂದು ಹೆಂಗಸಿನ ದನಿ ಇಂಗ್ಲಿಷಿನಲ್ಲಿ ಏನೋ ಕೇಳಿತು. ಆಗಿನಿಂದ ಅವಳು ಇದನ್ನೆಲ್ಲ ತ್ಯಾಸ್‌ಳ ಹೆಗಲ ಮೇಲಿಂದ ನೋಡುತ್ತಲೇ ಇದ್ದಳಂತೆ; ಇವರೆಲ್ಲ ಯಾರು ಅಂತ ಕೇಳಿದ್ದಂತೆ. ಇವೆಲ್ಲ ಆಮೇಲೆ ತ್ಯಾಸ್ ಹೇಳಿದ್ದು. ಅಲ್ಲಿಯವರೆಗೆ ಪಾಠವೂ ನೆಟ್ಟಗೆ ನಡೆದಿರಲಿಲ್ಲ. ಹೇಳಿಕೊಟ್ಟದ್ದನ್ನು ಆ ಹೆಂಗಸು ಬಾಯಲ್ಲಿ ಕಲ್ಲಿಟ್ಟುಕೊಂಡ ಹಾಗೆ ಒಪ್ಪಿಸುತ್ತಿದ್ದಳೇ ಹೊರತು, ತಾನಾಗಿ ಒಂದು ಮಾತೂ ಆಡಿರಲಿಲ್ಲ.

ತ್ಯಾಸ್ ತಡವರಿಸುತ್ತ ಕ್ಷಮೆ ಕೇಳುತ್ತಿದ್ದಳು. ಅತ್ತೆ ಅವಳನ್ನು ಪಕ್ಕಕ್ಕೆ ಸರಿಸಿ ಪರದೆಯ ಹತ್ತಿರ ಬಗ್ಗಿದಳು. ಅಲ್ಲೊಂದು ಕಂದು ಮುಖ, ನೆರೆತ ಕೂದಲು, ನಮ್ಮವರದೇ ಮೂಗು. ಕಿಟಕಿಯಾಚೆ ಯಾರೋ ನಿಂತಿದ್ದಾರೆ ಅಂತ ಅತ್ತೆ ತಿಳಿದಳು.

"ಅಲ್ಯಾಕೆ ನಿಂತೆ ಕೂಸೇ? ಒಳಗ್ ಬಾ. ಉಂಡ್ಯಾ?"

ಪರದೆಯ ಮುಖ ಅಲುಗಾಡಲಿಲ್ಲ. ಇಂಟರ್ನೆಟ್ಟು ಹೋಯಿತೇನೋ ಅಂತ ತ್ಯಾಸ್ ಕೈಚಾಚಿದಳು. ಆಗ ಆ ಹೆಂಗಸು ಮಾತಾಡಿದಳು. ನಮ್ಮ ಮಾತಿನಲ್ಲಿ.

"ಇನ್ನೂ ಇಲ್ಲ ಅಜ್ಜಿ." ತ್ಯಾಸ್ ಕಂಪ್ಯೂಟರಿನ ದನಿ ಏರಿಸಿದಳು, ಅತ್ತೆ ಕಿವಿಯನ್ನು ಅದಕ್ಕೇ ಆನಿಸಿದಳು.

"ಇಷ್ಟೊತ್ತಾದ್ರೂ ಉಂಡಿಲ್ವಾ? ಮನೇಲಿ ಹಿರೀಕರು ಯಾರೂ ಇಲ್ವೇ ಹೊಟ್ಟೆಗೆ ಹಾಕೋಕೆ?"

"ಯಾರೂ ಇಲ್ಲ ಅಜ್ಜಿ."

"ಎಲ್ಲಿಗೋದ್ರು?"

"ಅಜ್ಜಿ ಸತ್ತೋದ್ಲು," ಅಂದಳು. ಅರವತ್ತು ದಾಟಿದ ಹೆಂಗಸು, ಮಾತು ಮಾತ್ರ ಅಂಗಳದಲ್ಲಿ ಆಡುವ ಮಗುವಿನದು. "ನಾನು ಚಿಕ್ಕೋಳು. ಅಜ್ಜಿ ಸತ್ತೋದ್ಲು. ಆಮೇಲೆ ಯಾರೂ ಹಿಂಗ್ ಮಾತಾಡ್ಲಿಲ್ಲ. ನಂಗೆ ಮರೆತೋಯ್ತು."

ಜಗಲಿಯಲ್ಲಿ ಮೊದಲು ಎದ್ದವಳು ತರ್ಮಿನಿ. ಅಕ್ಕಿಯ ಬೋಗುಣಿ ಎತ್ತಿಕೊಂಡು ಒಳಗೆ ಬಂದು, ಪರದೆಯ ಮುಂದೆ ಇಟ್ಟಳು. "ಅಳ್ಬೇಡಿ ಅಕ್ಕಾ," ಅಂದಳು. ಸಾವಿನ ಮನೆಗೆ ತಂದ ಅಕ್ಕಿಯನ್ನು ವಾಪಸ್ಸು ಒಯ್ಯುವ ಪದ್ಧತಿ ನಮ್ಮಲ್ಲಿಲ್ಲ. ಒಬ್ಬೊಬ್ಬರಾಗಿ ಉಳಿದವರೂ ಬಂದರು, ಬೋಗುಣಿಯ ಪಕ್ಕ ಬೋಗುಣಿ, ನೆಲ ಕಾಣದಷ್ಟು. ಪ್ರತಿಯೊಬ್ಬಳೂ ಪರದೆಗೆ ಮುಖ ಕೊಟ್ಟು ಒಂದೊಂದು ಮಾತು ಆಡಿ ಸರಿದಳು, ಎದುರಿಗೇ ಕೂತವಳ ಹತ್ತಿರ ಆಡುವ ಹಾಗೆ. ಆ ಹೆಂಗಸು ಎಲ್ಲರಿಗೂ ತಲೆಯಾಡಿಸಿದಳು, ಕಣ್ಣೊರೆಸಿಕೊಂಡಳು, ಮತ್ತೆ ತಲೆಯಾಡಿಸಿದಳು.

ಪಾ ಮೋದಿನ್ ಬಿಳಿ ಬಟ್ಟೆ ಸುತ್ತಿ ಪಕ್ಕಕ್ಕಿಟ್ಟು ಗಂಟಲು ಸರಿಮಾಡಿಕೊಂಡ. "ತೀರಿಕೊಂಡವ್ರ ಹೆಸರೇನಮ್ಮಾ?"

"ಸಾಮಿಯೆಮ್."

ಅವನು ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದ. ಹೆಸರು ಹೇಳುವ ಕಡೆ ಸಾಮಿಯೆಮ್ ಅಂದ, ಇಲ್ಲೇ ನಮ್ಮ ಓಣಿಯಲ್ಲಿ ಬದುಕಿ ಬಾಳಿದವಳ ಹೆಸರು ಅನ್ನುವಂತೆ. ಅಂಗಳದ ಕುರ್ಚಿಗಳಿಂದ ಗಂಡಸರು ದನಿಗೂಡಿಸಿದರು. ಎಲ್ಲಿಯ ಸಾಮಿಯೆಮ್, ಎಂದು ಸತ್ತಳೋ, ಯಾವ ಮಣ್ಣಿನಲ್ಲಿ ಮಲಗಿದ್ದಾಳೋ! ನಡುವೆ ಪಾ ಜುಮಾಂಗಿನ್ ಗಡಿಯಾರ ತೋರಿಸುತ್ತ ಗೇಟಿಗೆ ಬಂದ. ನೋಡಿದ, ಟೋಪಿ ಸರಿಮಾಡಿಕೊಂಡು ಹಿಂದಿನ ಸಾಲಿನಲ್ಲಿ ಕೂತುಬಿಟ್ಟ.

ಪ್ರಾರ್ಥನೆ ಮುಗಿಯುವಾಗ ಪಾಠದ ಗಂಟೆಯೂ ಮುಗಿಯುತ್ತ ಬಂದಿತ್ತು. ಕೊನೆಯಲ್ಲಿ ಕಂಪನಿಯವರು ಕೇಳಲೇಬೇಕೆಂದು ಹೇಳಿಕೊಟ್ಟ ಪ್ರಶ್ನೆಯೊಂದಿದೆ. ತ್ಯಾಸ್ ಮುದುಡಿ ಕೂತು, ಕೈಗಳನ್ನು ತೊಡೆಯ ನಡುವೆ ಅವುಚಿಕೊಂಡು ಅದನ್ನು ಕೇಳಿದಳು. ಇಂಗ್ಲಿಷಿನಲ್ಲಲ್ಲ, ನಮ್ಮ ಮಾತಿನಲ್ಲೇ.

"ಇವತ್ತು ಪಾಠ ಆಗ್ಲೇ ಇಲ್ಲ. ನನ್ನಿಂದ ತಪ್ಪಾಯ್ತು. ಆದ್ರೂ ಕೇಳ್ಬೇಕು... ಮುಂದೆ ನನ್ ಹತ್ರ ಕಲೀತೀರಾ?"

ಅವಳ ಹಾಂಗ್‌ಕಾಂಗೂ ಕಾಲೇಜೂ ಆ ಹೆಂಗಸಿನ ನಾಲಿಗೆಯ ತುದಿಯಲ್ಲಿದ್ದವು.

ಆ ಹೆಂಗಸು ಬೇಕಾದ ಪದಗಳಿಗಾಗಿ ಹುಡುಕಾಡಿದಳು. ತುಟಿ ಎರಡು ಸಲ ತೆರೆದು ಮುಚ್ಚಿತು. ಸಿಕ್ಕಿದ್ದು, ಸಂಜೆ ಆಟ ಬಿಟ್ಟು ಮನೆಗೆ ಹೊರಡುವ ಮಗು ಬಾಗಿಲಲ್ಲಿ ನಿಂತು ಕೇಳುವ ಮಾತು.

"ನಾಳೆನೂ ಬರ್ಲಾ?"

ತ್ಯಾಸ್‌ಗಿಂತ ಮೊದಲು ಅತ್ತೆಯೇ ಉತ್ತರ ಕೊಟ್ಟಳು. "ಬಾ ಕೂಸೇ. ಅದಕ್ಕೇನು ಕೇಳ್ತೀಯ, ದಿನಾ ಬಾ."

ತ್ಯಾಸ್ ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟಳು. ಆ ಹೊತ್ತು ನನ್ನ ಮನೆಯಲ್ಲಿ ಅವಳೊಬ್ಬಳೇ ಅತ್ತಳು ಅಂದರೆ ಸುಳ್ಳಾಗುತ್ತ‍ದೆ.